ಕೆಲ್ವಿನ್ ಪರ ವಕಾಲತ್ತು ಹಾಕಿಸಿ ವಿಕಿರಣಶೀಲತೆ ಕಲಿಸಿದ್ದು

ಬಿ.ಎಸ್‌ಸಿ. ಕೊನೆಯ ವರ್ಷದವರಿಗೆ ವಿಕಿರಣಶೀಲತೆಯ, ಅಂದರೆ ಕೆಲವು ಪರಮಾಣುಗಳು ತಾವಾಗಿ ಒಡೆದು ಕಿರಣ ಸೂಸುವ, ಪಾಠವನ್ನು ನಾನೀಗ ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್‌ನಿಂದಲೇ ಶುರು ಮಾಡುತ್ತೇನೆ. 1906ರಲ್ಲಿ, 82ರ ವಯಸ್ಸಿನಲ್ಲಿ, ಈತ ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಪತ್ರ ಬರೆದು ವಾದಕ್ಕಿಳಿದ. ಎದುರಿಗೆ ನಿಂತವನು ಪರಮಾಣುವೇ ಒಡೆಯುತ್ತದೆ ಎನ್ನುತ್ತಿದ್ದ ರಸಾಯನ ವಿಜ್ಞಾನಿ ಫ್ರೆಡರಿಕ್ ಸಾಡಿ. ರೇಡಿಯಂ ಪರಮಾಣು ಒಡೆಯುತ್ತಿಲ್ಲ, ಅದು ಸೀಸ ಮತ್ತು ಹೀಲಿಯಂ ಕೂಡಿದ ಸಂಯುಕ್ತವಿರಬಹುದು ಎನ್ನುವುದು ಕೆಲ್ವಿನ್ ವಾದ.

ಇವನನ್ನು ಹಠಮಾರಿ ಮುದುಕ ಎಂದು ತಳ್ಳಿಹಾಕುವುದು ನನಗೆ ಸರಿಕಾಣುವುದಿಲ್ಲ. ರೇಡಿಯಂನಿಂದ ಹೀಲಿಯಂ ಬರುವುದನ್ನು ರಸಾಯನ ವಿಜ್ಞಾನಿ ರಾಮ್ಸೆ ಮತ್ತು ಸಾಡಿ 1903ರಲ್ಲೇ ತೋರಿಸಿದ್ದರು. ಒಳಗಿದ್ದದ್ದು ಹೊರಗೆ ಬಂತು ಎನ್ನುವುದರಲ್ಲಿ ತಪ್ಪೇನಿದೆ? ಅದಕ್ಕೇ ಅರ್ಧ ಕ್ಲಾಸಿಗೆ ಕೆಲ್ವಿನ್ ವಕಾಲತ್ತು ಕೊಡುತ್ತೇನೆ. ಜೋರಾಗಿಯೇ ವಾದಿಸುತ್ತಾರೆ.

ಆಮೇಲೆ ಪ್ರಯೋಗ. ಹಳೇ ಪೆಟ್ರೋಮ್ಯಾಕ್ಸ್ ದೀಪದ, ಉರಿಸದ ಮ್ಯಾಂಟಲ್ (ಬೆಳಕು ಕೊಡುವ ಬಲೆ) ಬೇಕು. ಈಗಿನ ಎಷ್ಟೋ ಮ್ಯಾಂಟಲ್‌ಗಳಲ್ಲಿ ವಿಕಿರಣಶೀಲ ಧಾತುವಾದ ಥೋರಿಯಂ ಇರುವುದಿಲ್ಲ, ವಿಕಿರಣ ಎಣಿಸುವ ಜಿ.ಎಂ. (ಗೈಗರ್-ಮುಲ್ಲರ್) ಕೌಂಟರ್ ಹಿಡಿದು ನೋಡಿಯೇ ಆರಿಸಿಕೊಳ್ಳಬೇಕು. ಅದನ್ನು ಮೆತ್ತನೆಯ ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಪುಡಿ ಆಚೆ ಬರದಂತೆ ಬಾಯಿಗೆ ಫಿಲ್ಟರ್ ಇಟ್ಟು, ಮುಚ್ಚಿದ ಡಬ್ಬಿಗೆ ಟ್ಯೂಬಿನಿಂದ ಜೋಡಿಸುತ್ತೇನೆ. ಡಬ್ಬಿಯೊಳಗೆ ಆಲ್ಫಾ ಕಣ ಹಿಡಿಯುವ ತೆಳು ಅಭ್ರಕದ ಕಿಟಕಿಯ ಕೌಂಟರ್. ಬಾಟಲಿ ಒತ್ತಿದರೆ ಥೋರಿಯಂನಿಂದ ಹುಟ್ಟುವ ವಿಕಿರಣಶೀಲ ಥೋರಾನ್ ಅನಿಲ ಡಬ್ಬಿಯೊಳಗೆ ನುಗ್ಗುತ್ತದೆ, ಎಣಿಕೆ ಒಮ್ಮೆಲೇ ಜಿಗಿಯುತ್ತದೆ. ಹತ್ತು ಹತ್ತು ಸೆಕೆಂಡಿಗೆ ಬರೆದುಕೊಂಡು ಸೆಮಿಲಾಗ್ ಶೀಟಿನಲ್ಲಿ (ಒಂದು ಬದಿ ಲಾಗರಿದಮ್ ಅಳತೆಯ ಗ್ರಾಫ್ ಹಾಳೆ) ಹಾಕಿದರೆ ನೆಟ್ಟನೆ ಇಳಿಯುವ ಗೆರೆ. ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಒಡೆಯಲು ಬೇಕಾದ ಕಾಲ, ಸುಮಾರು 56 ಸೆಕೆಂಡು.

"ಸರ್, ಸಂಯುಕ್ತವೂ ಹೀಗೇ ಒಡೆಯಬಹುದಲ್ಲ?" ಎಂದು ಕೆಲ್ವಿನ್ ಪಕ್ಷದವರು ಬಿಡುವುದಿಲ್ಲ. ಬಿಡಬಾರದು ಕೂಡ. ಸಂಯುಕ್ತವಾದರೆ ಬಿಸಿ ಮಾಡಿದಾಗ ಒಡೆಯುವ ವೇಗ ಬದಲಾಗಬೇಕು ಎನ್ನುವುದು ಇನ್ನೊಂದು ಪಕ್ಷದ ಉತ್ತರ. ಇಲ್ಲೊಂದು ಸೂಕ್ಷ್ಮವಿದೆ. ಥೋರಿಯಂ ಆಕ್ಸೈಡನ್ನು ಚೆನ್ನಾಗಿ ಕಾಯಿಸಿದರೆ ಹೊರಬರುವ ಅನಿಲ ಬಹಳ ಕಡಿಮೆಯಾಗುತ್ತದೆ. ಇದನ್ನು ಮಾಂಟ್ರಿಯಲ್‌ನಲ್ಲಿ ಭೌತವಿಜ್ಞಾನಿ ರುದರ್‌ಫರ್ಡ್ ಮತ್ತು ಸಾಡಿಯೇ ಕಂಡುಕೊಂಡಿದ್ದರು. ಆದರೆ ಹೊರಬಂದ ಅನಿಲವನ್ನು ಕಾದು ಬೆಳ್ಳಗಾದ ಪ್ಲಾಟಿನಂ ಮೇಲೆ ಹಾಯಿಸಿದರೂ ಅದಕ್ಕೆ ಏನೂ ಆಗಲಿಲ್ಲ. ಎಷ್ಟು ಹೊರಬಂತು ಎನ್ನುವುದು ಬೇರೆ, ಎಷ್ಟು ಬೇಗ ಒಡೆಯಿತು ಎನ್ನುವುದು ಬೇರೆ. ಬಾಟಲಿಯನ್ನು ಮೆಲ್ಲಗೊಮ್ಮೆ, ಜೋರಾಗೊಮ್ಮೆ ಒತ್ತಿಸುತ್ತೇನೆ. ಗೆರೆ ಮೇಲಿಂದಲೋ ಕೆಳಗಿಂದಲೋ ಶುರುವಾಗುತ್ತದೆ, ಇಳಿಜಾರು ಮಾತ್ರ ಅದೇ. ಆಗ ವಾದ ತಣ್ಣಗಾಗುತ್ತದೆ.

ಮಾಡಿನೋಡುವವರಿಗೆ ಒಂದು ಮಾತು. ಮತ್ತೆ ಮತ್ತೆ ಒತ್ತಿದ ಮೇಲೆ ಖಾಲಿ ಡಬ್ಬಿಯ ಎಣಿಕೆ ಹಳೇ ಮಟ್ಟಕ್ಕೆ ಇಳಿಯದೆ ಹೋಗಬಹುದು. ಕೌಂಟರ್ ಕೆಟ್ಟಿಲ್ಲ, ಥೋರಾನ್‌ನಿಂದ ಹುಟ್ಟಿದ ಸೀಸ-212 (ಸೀಸದ ವಿಕಿರಣಶೀಲ ರೂಪ) ಡಬ್ಬಿಯ ಗೋಡೆಗೆ ಅಂಟಿದೆ. ಅದರ ಅರ್ಧಾಯುಷ್ಯ ಹತ್ತೂವರೆ ಗಂಟೆಗೂ ಹೆಚ್ಚು. ಹಾಗಾಗಿ ಮುಂದಿನ ಬ್ಯಾಚನ್ನು ಎರಡು ದಿನ ಬಿಟ್ಟು ಕರೆಯುತ್ತೇನೆ.