4ಕೆ ಡಿಸ್ಕ್ ಹಾಕಿದೆ, ವ್ಯತ್ಯಾಸವೇ ಕಾಣಲಿಲ್ಲ

ಮೊದಲ 4ಕೆ ಡಿಸ್ಕ್ ತಂದ ರಾತ್ರಿ ಮನೆಯವರನ್ನೆಲ್ಲ ಕರೆದು ಟಿವಿ ಮುಂದೆ ಕೂರಿಸಿದ್ದೆ. ಲೈಟ್ ಆರಿಸಿದ್ದೆ. ಹತ್ತು ನಿಮಿಷ ಕಳೆದ ಮೇಲೆ ಹೆಂಡತಿ ಕೇಳಿದಳು, "ಹೊಸದು ಇನ್ನೂ ಹಾಕಿಲ್ವಾ?" ಹಾಕಿಯಾಗಿತ್ತು. ಅದೇ ಸಿನಿಮಾದ ಬ್ಲೂ-ರೇ, ಅಂದರೆ ಡಿವಿಡಿಗೂ 4ಕೆಗೂ ನಡುವಿನ ಮಟ್ಟದ ಡಿಸ್ಕ್, ನಮ್ಮಲ್ಲಿ ಮೊದಲೇ ಇತ್ತು. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ನನಗೂ ಕಾಣುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಹೊಸದೇ ಸ್ವಲ್ಪ ಮಂಕಾಗಿತ್ತು. "ಕಣ್ಣು ಹೊಂದಿಕೊಳ್ಳಬೇಕು" ಅಂತ ಏನೋ ಸಬೂಬು ಹೇಳಿ ತಪ್ಪಿಸಿಕೊಂಡೆ.

ಆಗ ನನ್ನ ಕಪಾಟಿನಲ್ಲಿ ಮುನ್ನೂರರ ಹತ್ತಿರ ಡಿಸ್ಕ್ ಇದ್ದವು. ಮುಕ್ಕಾಲು ಪಾಲು ಡಿವಿಡಿ, ಉಳಿದದ್ದು ಬ್ಲೂ-ರೇ. ಒಂದೊಂದಾಗಿ ಎಲ್ಲವನ್ನೂ 4ಕೆಗೆ ಬದಲಾಯಿಸೋಣ ಅಂತ ಪಟ್ಟಿ ಬೇರೆ ಬರೆದಿಟ್ಟುಕೊಂಡಿದ್ದೆ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಅಂತಾರಲ್ಲ, ಹಾಗೆ. ಆ ರಾತ್ರಿ ಪಟ್ಟಿ ಮಡಚಿ ಡ್ರಾಯರ್‌ಗೆ ಹಾಕಿದೆ. ಮೊದಲು ಇದು ಯಾಕೆ ಹೀಗಾಯ್ತು ಅಂತ ನೋಡಬೇಕಿತ್ತು.

ಮಾರನೇ ದಿನ ಟಿವಿಯ ಮಾಹಿತಿ ಬಟನ್ ಒತ್ತಿದೆ. ಪರದೆಯ ಮೂಲೆಯಲ್ಲಿ 1080 ಅಂತ ಬಂತು. ಅದು ಬ್ಲೂ-ರೇಯ ಗೆರೆಗಳ ಲೆಕ್ಕ. ಅಂದರೆ ಹಿಂದಿನ ರಾತ್ರಿ ನಾವು ನೋಡಿದ್ದು 4ಕೆಯೇ ಅಲ್ಲ!

ತಪ್ಪು ಎಲ್ಲಿತ್ತು ಅಂದರೆ ಮಧ್ಯದಲ್ಲಿದ್ದ, ಸ್ಪೀಕರ್‌ಗಳಿಗೆ ಧ್ವನಿ ಕೊಡುವ ಹಳೇ ಆಡಿಯೋ ರಿಸೀವರ್‌ನಲ್ಲಿ. ನಾನು ಪ್ಲೇಯರ್‌ನಿಂದ ರಿಸೀವರ್‌ಗೆ, ರಿಸೀವರ್‌ನಿಂದ ಟಿವಿಗೆ ಕೇಬಲ್ ಕೊಟ್ಟಿದ್ದೆ. 4ಕೆ ಡಿಸ್ಕ್‌ನ ಚಿತ್ರ ಕೇಬಲ್‌ನಲ್ಲಿ ಹೋಗುವಾಗ ಅದಕ್ಕೆ ಎಚ್‌ಡಿಸಿಪಿ 2.2 ಅನ್ನುವ ನಕಲು ತಡೆಯುವ ಬೀಗ ಇರುತ್ತದೆ. ದಾರಿಯಲ್ಲಿರುವ ಪ್ರತಿ ಪೆಟ್ಟಿಗೆಗೂ ಆ ಬೀಗ ಗೊತ್ತಿರಬೇಕು. ನನ್ನ ರಿಸೀವರ್‌ಗೆ ಗೊತ್ತಿರಲಿಲ್ಲ. ಪ್ಲೇಯರ್ ತಗಾದೆ ತೆಗೆಯದೆ ಚಿತ್ರವನ್ನು 1080ಕ್ಕೆ ಇಳಿಸಿ, ಬೆಳಕು-ನೆರಳನ್ನು ಹೆಚ್ಚು ವಿಸ್ತಾರವಾಗಿ ತೋರಿಸುವ ಎಚ್‌ಡಿಆರ್ ಕಿತ್ತು ಹಾಕಿ, ಸಾಮಾನ್ಯ ಚಿತ್ರವಾಗಿ ಮಾಡಿ ಕಳಿಸುತ್ತಿತ್ತು. ಮಂಕಾಗಿ ಕಂಡದ್ದು ಅದಕ್ಕೇ.

ಅದೃಷ್ಟಕ್ಕೆ ಪ್ಲೇಯರ್ ಹಿಂದೆ ಎರಡು ಎಚ್‌ಡಿಎಂಐ ಕಿಂಡಿ ಇದ್ದವು. ಒಂದನ್ನು ನೇರ ಟಿವಿಗೆ ಕೊಟ್ಟೆ, ಇನ್ನೊಂದನ್ನು ಬರೀ ಧ್ವನಿಗಾಗಿ ರಿಸೀವರ್‌ಗೆ. ಆಮೇಲೆ ಟಿವಿಯ ಮೆನುವಿನಲ್ಲಿ ಆ ಕಿಂಡಿಗೆ ಪೂರ್ತಿ ಸಿಗ್ನಲ್ ತೆಗೆದುಕೊಳ್ಳುವ ಆಯ್ಕೆ ಆನ್ ಮಾಡಬೇಕಾಯಿತು. ಎಷ್ಟೋ ಟಿವಿಗಳಲ್ಲಿ ಇದು ಮೊದಲಿಂದ ಆಫ್ ಇರುತ್ತದೆ, ಹೇಳುವವರು ಯಾರೂ ಇರುವುದಿಲ್ಲ. ಆನ್ ಮಾಡಿದ ಕೂಡಲೇ ಪರದೆ ಆಗಾಗ ಎರಡು ಸೆಕೆಂಡ್ ಕಪ್ಪಾಗತೊಡಗಿತು. ಕೇಬಲ್ ಹಳೆಯದು. ಸೆಕೆಂಡಿಗೆ 18 ಗಿಗಾಬಿಟ್ ತಾಳುವ ಕೇಬಲ್ ಹಾಕಿದ ಮೇಲೆ ಸರಿಹೋಯಿತು. ಅದೇ ಕೈಯಲ್ಲಿ ಚಲನೆಯನ್ನು ನುಣುಪು ಮಾಡುವ ಆಯ್ಕೆಯನ್ನೂ ಆಫ್ ಮಾಡಿದೆ. ಅದು ಆನ್ ಇದ್ದರೆ ಯಾವ ಸಿನಿಮಾ ಆದರೂ ಧಾರಾವಾಹಿ ಥರ ಕಾಣುತ್ತದೆ.

ಈಗ ನಿಜವಾದ 4ಕೆ ಬಂತು. ಬಣ್ಣ ಬದಲಾಯಿತು, ಅದರ ಮಾತು ಆಮೇಲೆ. ಆದರೆ ಚಿತ್ರ ಹೆಚ್ಚು ಚೂಪಾಯಿತಾ? ಸೋಫಾದಲ್ಲಿ ಕೂತು ಎಷ್ಟು ನೋಡಿದರೂ ಹೌದು ಅನ್ನಲು ಆಗಲಿಲ್ಲ.

ಟೇಪ್ ಹಿಡಿದು ಅಳೆದೆ. ಸೋಫಾದಿಂದ ಪರದೆಗೆ 11 ಅಡಿ. ಟಿವಿ 55 ಇಂಚಿನದು. ಇಲ್ಲಿಂದ ಲೆಕ್ಕ ಶುರುವಾಯಿತು. ಸಾಮಾನ್ಯ ಒಳ್ಳೆಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಚಿಕ್ಕದನ್ನು ಬೇರ್ಪಡಿಸಿ ನೋಡಬಲ್ಲದು. 55 ಇಂಚಿನ ಪರದೆಯ ಅಗಲ ಸುಮಾರು 122 ಸೆಂಟಿಮೀಟರ್. ಅದರಲ್ಲಿ 1920 ಚುಕ್ಕಿ ಹಂಚಿದರೆ ಒಂದೊಂದು ಚುಕ್ಕಿ 0.63 ಮಿಲಿಮೀಟರ್. ಏಳು ಅಡಿಗಿಂತ ಹಿಂದೆ ಹೋದರೆ ಈ ಚುಕ್ಕಿಗಳು ಒಂದರೊಳಗೊಂದು ಬೆರೆತುಹೋಗುತ್ತವೆ. 4ಕೆಯಲ್ಲಿ ಅಡ್ಡಕ್ಕೆ 3840 ಚುಕ್ಕಿ. ಅದನ್ನು ಪೂರ್ತಿ ಸವಿಯಬೇಕೆಂದರೆ ಮೂರೂವರೆ ಅಡಿ ದೂರದಲ್ಲಿ ಕೂರಬೇಕು. ನಾನು ಕೂತಿದ್ದು ಹನ್ನೊಂದರಲ್ಲಿ. ಅಲ್ಲಿಂದ ಬ್ಲೂ-ರೇ ಕೊಡುವ ಚುಕ್ಕಿಗಳೇ ನನ್ನ ಕಣ್ಣಿಗೆ ಜಾಸ್ತಿ.

ಅದೇ ಲೆಕ್ಕ ಡಿವಿಡಿಗೆ ಹಾಕಿದರೆ ಬೇರೆ ಕಥೆ. ನನ್ನ ಡಿವಿಡಿಗಳಲ್ಲಿ ಇರುವುದು 576 ಗೆರೆ. ಒಂದೊಂದು ಗೆರೆ 1.2 ಮಿಲಿಮೀಟರ್ ದಪ್ಪ. ಅದು ಹದಿಮೂರು ಅಡಿಯವರೆಗೂ ಕಣ್ಣಿಗೆ ಸಿಕ್ಕುತ್ತದೆ. ಹಾಗಾಗಿ ಡಿವಿಡಿಯಿಂದ ಬ್ಲೂ-ರೇಗೆ ಹೋದಾಗ ಮನೆಯಲ್ಲಿ ಎಲ್ಲರೂ "ಓಹ್" ಅಂದಿದ್ದರು, ಬ್ಲೂ-ರೇಯಿಂದ 4ಕೆಗೆ ಬಂದಾಗ ಯಾರೂ ಉಸಿರೆತ್ತಲಿಲ್ಲ.

ಲೆಕ್ಕ ಒಂದು ಕಡೆ ಇರಲಿ, ಪರೀಕ್ಷೆ ಮಾಡೇಬಿಡೋಣ ಅನ್ನಿಸಿತು. ತಮ್ಮನನ್ನು ಕರೆದೆ. ನಾವು ಕಣ್ಣು ಮುಚ್ಚಿಕೊಂಡಿರಬೇಕು, ಅವನು ಡಿಸ್ಕ್ ಬದಲಿಸಿ ಅದೇ ದೃಶ್ಯಕ್ಕೆ ತಂದು ನಿಲ್ಲಿಸಬೇಕು, ನಾವು ಯಾವುದು ಅಂತ ಚೀಟಿಯಲ್ಲಿ ಬರೆಯಬೇಕು. ಎಚ್‌ಡಿಆರ್ ಆಫ್ ಮಾಡಿ, ಹೊಳಪನ್ನು ಆದಷ್ಟು ಸರಿಹೊಂದಿಸಿದ್ದೆವು. ಹತ್ತು ಸಲದಲ್ಲಿ ನನ್ನದು ಆರು ಸರಿ. ನಾಣ್ಯ ಚಿಮ್ಮಿದ್ದರೂ ಹೆಚ್ಚುಕಮ್ಮಿ ಅಷ್ಟೇ ಬರುತ್ತಿತ್ತು. "ಅಣ್ಣಾ, ಇದಕ್ಕಾ ಇಷ್ಟು ಖರ್ಚು ಮಾಡಿದ್ದು?" ಅಂದ ತಮ್ಮ. ಸುಮ್ನೆ ಕೂತೆ.

ಆಮೇಲೆ ಎಚ್‌ಡಿಆರ್ ಆನ್ ಮಾಡಿ ಮತ್ತೆ ಅದೇ ಆಟ. ಈ ಸಲ ಯಾರೂ ತಪ್ಪಲಿಲ್ಲ. ಕನ್ನಡಕ ಒಳಗೆ ಮರೆತು ಬಂದಿದ್ದ ಅಪ್ಪ ಕೂಡ, "ದೀಪ ಉರಿಯೋ ಥರ ಕಾಣ್ತಾ ಇದೆಯಲ್ಲ, ಅದೇ ಹೊಸದು" ಅಂದರು. ಕನ್ನಡಕ ಇಲ್ಲದವರಿಗೂ ಕಾಣುವ ವ್ಯತ್ಯಾಸ ರೆಸಲ್ಯೂಶನ್ನಿನದು, ಅಂದರೆ ಚುಕ್ಕಿಗಳ ಎಣಿಕೆಯದು, ಆಗಿರಲು ಸಾಧ್ಯವೇ ಇಲ್ಲ, ಅಲ್ವಾ?

ನಾನು ಈ ವಿಷಯವನ್ನು ತಲೆಕೆಳಗಾಗಿ ಹಿಡಿದಿದ್ದೆ. 4ಕೆ ಅಂದರೆ ಹೆಚ್ಚು ಚುಕ್ಕಿ ಅಂದುಕೊಂಡಿದ್ದೆ. ಈ ಡಿಸ್ಕ್‌ನಲ್ಲಿ ಹೆಚ್ಚಿನ ಲಾಭ ಇರುವುದು ಒಂದೊಂದು ಚುಕ್ಕಿ ಎಷ್ಟು ಹೇಳಬಲ್ಲದು ಅನ್ನುವುದರಲ್ಲಿ. ಬ್ಲೂ-ರೇ 8 ಬಿಟ್. ಕೆಂಪು, ಹಸಿರು, ನೀಲಿ ಒಂದೊಂದಕ್ಕೂ ಹೆಚ್ಚೆಂದರೆ 256 ಮೆಟ್ಟಿಲು. 4ಕೆ ಡಿಸ್ಕ್ 10 ಬಿಟ್, 1024 ಮೆಟ್ಟಿಲು. ಸಂಜೆಯ ಆಕಾಶ ಬಂದಾಗ ಬ್ಲೂ-ರೇಯಲ್ಲಿ ಪಟ್ಟೆ ಪಟ್ಟೆಯಾಗಿ ಕಾಣುತ್ತಿತ್ತಲ್ಲ, ಅದು ಹೋಯಿತು. ಹಳೇ ಡಿಸ್ಕ್‌ಗಳ ಬಣ್ಣ ತಿದ್ದುವಾಗ 100 ನಿಟ್ಸ್ ಹೊಳಪಿನ ಪರದೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಿದ್ದರು. ಎಚ್‌ಡಿಆರ್‌ನಲ್ಲಿ ಅದು 1000, ಕೆಲವೊಮ್ಮೆ 4000. ಕಿಟಕಿಯ ಆಚೆ ಬಿಸಿಲು, ಒಳಗೆ ನೆರಳಲ್ಲಿ ಮುಖ. ಹಳೆಯದರಲ್ಲಿ ಕಿಟಕಿ ಬರೀ ಬಿಳಿ ಚೌಕ. ಹೊಸದರಲ್ಲಿ ಆಚೆಗಿನ ಮರವೂ ಕಂಡಿತು.

ಆದರೆ ಟಿವಿಗೆ ಆ ಹೊಳಪು ಬರಬೇಕು. ಡಬ್ಬಿಯ ಮೇಲೆ ಎಚ್‌ಡಿಆರ್ ಅಂತ ಬರೆದಿದ್ದರೆ ಸಾಲದು. ಸ್ನೇಹಿತನ ಮನೆಯ ಟಿವಿ 300 ನಿಟ್ಸ್ ಆಸುಪಾಸಿನದು. ಅಲ್ಲಿ ಇದೇ ಡಿಸ್ಕ್ ಹಾಕಿದರೆ ಬ್ಲೂ-ರೇಗಿಂತ ಕತ್ತಲಾಗಿ ಕಂಡಿತು. ಅಂಥ ಟಿವಿ ಇದ್ದರೆ ಬ್ಲೂ-ರೇಯಲ್ಲೇ ಇರುವುದು ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ.

ಇಷ್ಟಾದ ಮೇಲೆ ಸೋಫಾವನ್ನು ಮುಂದಕ್ಕೆ ತಳ್ಳಿದೆ. ಆರೂವರೆ ಅಡಿಗೆ. ಓಡಾಡಲು ಜಾಗ ಇಲ್ಲ ಅಂತ ಅಮ್ಮ ಒಂದು ವಾರ ಗೊಣಗಿದರು. ಆದರೆ ಖರ್ಚಿಲ್ಲದೆ ಆದ ಅತಿ ದೊಡ್ಡ ಅಪ್‌ಗ್ರೇಡ್ ಅದೇ. ಇದ್ದ ಬ್ಲೂ-ರೇಗಳೇ ಹೊಸದಾಗಿ ಕಂಡವು.

ಮುಂದಿನ ಪಾಠ ಕಲಿತದ್ದು ಕೈ ಸುಟ್ಟುಕೊಂಡೇ. ಹೊಸ ಸಿನಿಮಾ ಆದರೆ 4ಕೆಯಲ್ಲಿ ಚೆನ್ನಾಗಿರುತ್ತದೆ, ಹಳೆಯದಕ್ಕೆ ಡಿವಿಡಿ ಸಾಕು ಅಂದುಕೊಂಡಿದ್ದೆ. ಇದೂ ಉಲ್ಟಾ. 2000ದ ದಶಕದಲ್ಲಿ ಬಂದ ಎಷ್ಟೋ ಸಿನಿಮಾಗಳನ್ನು ಕಂಪ್ಯೂಟರ್‌ನಲ್ಲಿ 2ಕೆಯಲ್ಲೇ ಮುಗಿಸಿದ್ದಾರೆ. ಅಂದರೆ ಅಡ್ಡಕ್ಕೆ 2048 ಚುಕ್ಕಿ. ಬ್ಲೂ-ರೇಗಿಂತ ಕೂದಲೆಳೆಯಷ್ಟು ಜಾಸ್ತಿ. ಅದರ 4ಕೆ ಡಿಸ್ಕ್ ಅಂದರೆ ಅದನ್ನೇ ಹಿಗ್ಗಿಸಿದ್ದು. ಆದರೆ 1960ರ ದಶಕದ್ದೋ 70ರ ದಶಕದ್ದೋ 35 ಎಂಎಂ ನೆಗೆಟಿವ್ ಚೆನ್ನಾಗಿ ಉಳಿದಿದ್ದು, ಅದನ್ನು ಹೊಸದಾಗಿ 4ಕೆಯಲ್ಲಿ ಸ್ಕ್ಯಾನ್ ಮಾಡಿದ್ದರೆ, ಬಟ್ಟೆಯ ನೇಯ್ಗೆಯೂ ಕಾಣುತ್ತದೆ. ನಮ್ಮಜ್ಜನ ಕಾಲದ ಸಿನಿಮಾ ನನ್ನ ಕಾಲೇಜು ದಿನಗಳ ಸಿನಿಮಾಕ್ಕಿಂತ ಸ್ಪಷ್ಟ!

ಇನ್ನು ಕೆಲವು ಡಿಸ್ಕ್‌ಗಳನ್ನು ತಯಾರಿಸಿದವರೇ ಹಾಳು ಮಾಡಿರುತ್ತಾರೆ. ಫಿಲ್ಮಿನ ಸಣ್ಣ ಸಣ್ಣ ಮರಳಿನಂಥ ಕಣ ಇರುತ್ತದಲ್ಲ, ಅದನ್ನು ಕೊಳೆ ಅಂತ ತಿಳಿದು ಸಾಫ್ಟ್‌ವೇರ್‌ನಿಂದ ಒರೆಸಿಬಿಡುತ್ತಾರೆ. ಕಣದ ಜೊತೆ ಚರ್ಮದ ಗೆರೆಗಳೂ ಹೋಗಿ ಮುಖ ಮೇಣದ ಬೊಂಬೆ ಆಗುತ್ತದೆ. ಅಂಥದ್ದೊಂದು ತಂದು, ಅರ್ಧ ನೋಡಿ, ಹಳೇ ಬ್ಲೂ-ರೇಗೆ ವಾಪಸ್ ಹೋದೆ. ಈಗ ಯಾವ ಡಿಸ್ಕ್ ಆದರೂ ಸ್ಕ್ಯಾನ್ ಹೊಸದಾ, ಕಣ ಉಳಿಸಿದ್ದಾರಾ ಅಂತ ವಿಚಾರಿಸದೆ ಮುಟ್ಟುವುದಿಲ್ಲ.

ಡಿವಿಡಿ ಬಿಡಲು ಸಿಕ್ಕ ಗಟ್ಟಿ ಕಾರಣ ಮಾತ್ರ ಚಿತ್ರಕ್ಕೆ ಸಂಬಂಧಿಸಿದ್ದೇ ಅಲ್ಲ. ತುಂಬಾ ಇಷ್ಟದ ಒಂದು ಸಿನಿಮಾವನ್ನು ಬ್ಲೂ-ರೇಯಲ್ಲಿ ಹಾಕಿದಾಗ ಹಾಡುಗಳೆಲ್ಲ ಎಳೆದ ಹಾಗೆ ಕೇಳಿಸಿದವು. ಪ್ಲೇಯರ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿದ್ದು ನನ್ನ ಕಿವಿ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್. ಪಾಲ್ ಅನ್ನುವ ಟಿವಿ ಪದ್ಧತಿಯ, ಅಂದರೆ ನನ್ನಲ್ಲಿರುವಂಥ 576 ಗೆರೆಯ ಡಿವಿಡಿಯಲ್ಲಿ ಸಾಮಾನ್ಯವಾಗಿ ಅದನ್ನು 25ಕ್ಕೆ ಓಡಿಸುತ್ತಾರೆ. ನಾಲ್ಕು ಪರ್ಸೆಂಟ್ ವೇಗ ಹೆಚ್ಚು. ಎರಡು ಗಂಟೆಯ ಸಿನಿಮಾ ಐದು ನಿಮಿಷ ಬೇಗ ಮುಗಿಯುತ್ತದೆ. ಧ್ವನಿಯನ್ನು ಬೇರೆಯಾಗಿ ತಿದ್ದದೆ ಬಿಟ್ಟರೆ ಶ್ರುತಿಯೂ ಸ್ವಲ್ಪ ಏರುತ್ತದೆ. ವರ್ಷಗಟ್ಟಲೆ ನಾನು ತಪ್ಪು ಶ್ರುತಿಯಲ್ಲಿ ಆ ಹಾಡುಗಳನ್ನು ಗುನುಗಿದ್ದೆ.

ಇಂಟರ್ನೆಟ್‌ನಲ್ಲೇ 4ಕೆ ಸಿಗುವಾಗ ಡಿಸ್ಕ್ ಯಾಕೆ ಅಂತ ಕೇಳುವವರು ಇದ್ದಾರೆ. ಸ್ಟ್ರೀಮಿಂಗ್‌ನಲ್ಲಿ 4ಕೆಗೆ ಸಾಮಾನ್ಯವಾಗಿ ಸೆಕೆಂಡಿಗೆ 15ರಿಂದ 25 ಮೆಗಾಬಿಟ್ ಸಾಕು ಅಂತಾರೆ. ಬ್ಲೂ-ರೇಯ ಚಿತ್ರಕ್ಕೇ 40ರವರೆಗೆ ಅವಕಾಶ ಇದೆ, 4ಕೆ ಡಿಸ್ಕ್‌ನಲ್ಲಿ ನೂರು ದಾಟಬಹುದು. ಕತ್ತಲು, ಹೊಗೆ, ಮಳೆ ಬಂದಾಗ ಇದು ಗೊತ್ತಾಗುತ್ತದೆ. ಹಗಲಿನ ಮಾತುಕತೆಯ ದೃಶ್ಯಗಳಲ್ಲಿ ಅಷ್ಟೇನೂ ಇಲ್ಲ. ಒಂದೇ ಸಲ ನೋಡುವ ಸಿನಿಮಾಕ್ಕೆ ನಾನೂ ಸ್ಟ್ರೀಮಿಂಗೇ ಹಾಕುತ್ತೇನೆ.

ಕೊನೆಗೆ ಕಪಾಟಿನಲ್ಲಿ ಏನಾಯ್ತು ಅಂದರೆ, ಮತ್ತೆ ಮತ್ತೆ ನೋಡುವ ಅರವತ್ತು ಡಿವಿಡಿಗಳ ಬದಲು ಬ್ಲೂ-ರೇ ತಂದೆ. 4ಕೆ ಇಪ್ಪತ್ತನ್ನೂ ದಾಟಿಲ್ಲ. ಉಳಿದ ಡಿವಿಡಿಗಳು ಹಾಗೇ ಇವೆ. 4ಕೆ ಪ್ಲೇಯರ್ ಅವನ್ನೂ ಓಡಿಸುತ್ತದೆ, ಗೆರೆಗಳನ್ನು ಹಿಗ್ಗಿಸಿ ತಕ್ಕಮಟ್ಟಿಗೆ ಚೆನ್ನಾಗಿಯೇ ತೋರಿಸುತ್ತದೆ. ಒಂದು ಎಚ್ಚರಿಕೆ: ಮೂರು ಪದರದ 100 ಜಿಬಿ ಡಿಸ್ಕ್‌ಗೆ ಬೆರಳಿನ ಗುರುತು ಬಿದ್ದರೂ ನಡುವೆ ನಿಂತುಬಿಡಬಹುದು. ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ಒರೆಸಿ, ಸುತ್ತಿಸಿ ಒರೆಸಬೇಡಿ.

ಕಪಾಟಿನ ತುದಿಯಲ್ಲಿ ಒಂದು ಡಿವಿಡಿ ಇದೆ, ಮಗಳು ಮೊದಲ ಹೆಜ್ಜೆ ಇಟ್ಟಾಗ ಹಳೇ ಕ್ಯಾಮ್‌ಕಾರ್ಡರ್‌ನಲ್ಲಿ ತೆಗೆದದ್ದು. "ಇದನ್ನೂ 4ಕೆ ಮಾಡೋಕಾಗಲ್ವಾ?" ಅಂದಳು ಹೆಂಡತಿ. ಚಿತ್ರ ಹಿಗ್ಗಿಸುವ ಸಾಫ್ಟ್‌ವೇರ್ ಹಾಕಿ ನೋಡಿದೆ. ರೆಪ್ಪೆಗೂದಲು ಒಂದೊಂದೂ ಕಂಡಿತು. ಆದರೆ ಆ ಮುಖ ನಮ್ಮ ಮಗುವಿನದು ಅಲ್ಲ, ಯಾವುದೋ ಮಗುವಿನದು. ಆ ಫೈಲ್ ಅಳಿಸಿ ಹಾಕಿದೆ. ಈಗ ಆ ಡಿವಿಡಿ ನೋಡುವ ದಿನ ಸೋಫಾವನ್ನು ಮತ್ತೆ 11 ಅಡಿಗೆ ತಳ್ಳುತ್ತೇವೆ. ಅವತ್ತು ಅಮ್ಮ ಗೊಣಗುವುದಿಲ್ಲ.