ಎಫ್‌ಎಲ್‌ಪಿ ಪ್ಯಾನೆಲ್: ತುಂಬಿದ್ದಕ್ಕಿಂತ ಹೊರಗೆ ತೆಗೆದದ್ದೇ ಜಾಸ್ತಿ

ಪೀಣ್ಯದಲ್ಲಿ ನಮ್ಮದು ಸಣ್ಣ ಪ್ಯಾನೆಲ್ ವರ್ಕ್‌ಶಾಪ್. ಸ್ಟಾರ್ಟರ್, ಎಂಸಿಸಿ (ಹಲವು ಮೋಟರುಗಳನ್ನು ಒಂದೇ ಕಡೆಯಿಂದ ನಡೆಸುವ ಪ್ಯಾನೆಲ್) ಮಾಡಿಕೊಂಡಿದ್ದವರು ನಿಧಾನವಾಗಿ ಎಫ್‌ಎಲ್‌ಪಿ ಕೆಲಸಕ್ಕೂ ಇಳಿದೆವು. ಎಫ್‌ಎಲ್‌ಪಿ ಅಂದರೆ ಫ್ಲೇಮ್‌ಪ್ರೂಫ್. ಪೆಟ್ರೋಲ್, ಸಾಲ್ವೆಂಟ್, ಆಲ್ಕೋಹಾಲ್ ಆವಿ ಇರುವ ಜಾಗದಲ್ಲಿ ಕೂರಿಸುವ ದಪ್ಪ ಅಲ್ಯೂಮಿನಿಯಂ ಬಾಕ್ಸು ನೋಡಿರುತ್ತೀರಿ, ಅದೇ. ಬಾಗಲಕೋಟೆ ಕಡೆಯ ಒಂದು ಡಿಸ್ಟಿಲರಿಯ ಎಥೆನಾಲ್ ಪಂಪುಗಳಿಗೆ ಮಾಡಿಕೊಟ್ಟ ಪ್ಯಾನೆಲ್ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ಅವರು ಕಳಿಸಿದ ಡ್ರಾಯಿಂಗ್‌ನಲ್ಲಿ ಎಲ್ಲವೂ ಒಂದೇ ಬಾಕ್ಸಿನಲ್ಲಿತ್ತು. ವಿಎಫ್‌ಡಿ (ಮೋಟರಿನ ವೇಗ ಹೆಚ್ಚು ಕಡಿಮೆ ಮಾಡುವ ಡ್ರೈವ್), ಕಂಟ್ಯಾಕ್ಟರ್ (ಮೋಟರಿಗೆ ಕರೆಂಟ್ ಕೊಟ್ಟು ಕಡಿಯುವ ಸ್ವಿಚ್), ಡಿಸ್‌ಪ್ಲೇ, ಪುಶ್ ಬಟನ್, ಟರ್ಮಿನಲ್. ಪಂಪಿನ ಪಕ್ಕದಲ್ಲೇ ಬೇಕಂತೆ. "ಎಫ್‌ಎಲ್‌ಪಿ ಬಾಕ್ಸ್ ಐತಲ್ರೀ, ಒಳಗ ಏನಿಟ್ರೂ ನಡೀತೈತಿ" ಅನ್ನುವುದು ಅವರ ನಂಬಿಕೆ.

ಈ ನಂಬಿಕೆ ಎಲ್ಲ ಕಡೆ ಇದೆ. ಬಾಕ್ಸು ಆವಿಯನ್ನು ಹೊರಗೇ ತಡೆಯುತ್ತದೆ ಅಂತ ಜನ ತಿಳಿದಿರುತ್ತಾರೆ. ತಡೆಯುವುದಿಲ್ಲ. ಆವಿ ಒಳಗೆ ಹೋಗುತ್ತದೆ, ಕಿಡಿ ಸಿಕ್ಕರೆ ಒಳಗೇ ಸಿಡಿಯುತ್ತದೆ ಅಂತ ಮೊದಲೇ ಒಪ್ಪಿಕೊಂಡು ಮಾಡಿದ ಬಾಕ್ಸು ಅದು. ಆ ಹೊಡೆತಕ್ಕೆ ಬಾಕ್ಸು ಒಡೆಯಬಾರದು. ಮುಚ್ಚಳದ ಸಂದಿಯಿಂದ ನುಗ್ಗುವ ಬಿಸಿ ಗ್ಯಾಸು ಅಗಲವಾದ ಫ್ಲಾಂಜ್ (ಬಾಕ್ಸು, ಮುಚ್ಚಳ ಒಂದಕ್ಕೊಂದು ಕೂರುವ ಅಂಚು) ದಾಟುವಷ್ಟರಲ್ಲಿ ತಣಿದಿರಬೇಕು, ಹೊರಗಿನ ಆವಿಗೆ ಬೆಂಕಿ ತಗಲಬಾರದು. ಅದಕ್ಕೇ ಆ ಫ್ಲಾಂಜ್ ಮುಖಕ್ಕೆ ಪೇಂಟ್ ಬಳಿಯಬಾರದು, ನಮ್ಮದೇ ರಬ್ಬರ್ ಗ್ಯಾಸ್ಕೆಟ್ ಕೂರಿಸಬಾರದು, ಒಂದು ಬೋಲ್ಟ್ ಕೂಡ ಬಿಡಬಾರದು.

ರೇಟ್ ಹೇಳುವ ಮೊದಲು ನಾನು ಏರಿಯಾ ಕ್ಲಾಸಿಫಿಕೇಶನ್ ಡ್ರಾಯಿಂಗ್, ಅಂದರೆ ಎಲ್ಲೆಲ್ಲಿ ಎಷ್ಟು ಅಪಾಯ ಅಂತ ಗುರುತಿಸಿದ ನಕ್ಷೆ, ತರಿಸಿಕೊಂಡೆ. ಜಾಗ ಜೋನ್ 1, ಅಂದರೆ ಮಾಮೂಲಿ ಕೆಲಸದಲ್ಲೇ ಆಗಾಗ ಆವಿ ಬರಬಹುದಾದ ಜಾಗ. ಸಂದಿ ದಾಟಿ ಬೆಂಕಿ ಎಷ್ಟು ಸುಲಭವಾಗಿ ಹರಡುತ್ತದೆ ಅನ್ನುವುದರ ಮೇಲೆ ಗ್ಯಾಸುಗಳನ್ನು ಗ್ರೂಪ್ ಮಾಡಿದ್ದಾರೆ, ಎಥೆನಾಲ್ ಬರುವುದು ಗ್ಯಾಸ್ ಗ್ರೂಪ್ 2ಬಿಯಲ್ಲಿ. ಅದು ತಾನಾಗಿ ಹೊತ್ತಿಕೊಳ್ಳುವುದು 360 ಡಿಗ್ರಿಗೂ ಮೇಲೆ. ಟಿ4 ಅನ್ನುವ ತಾಪದ ದರ್ಜೆಯ ಬಾಕ್ಸಿನ ಮೈ 135 ಡಿಗ್ರಿ ದಾಟುವ ಹಾಗಿಲ್ಲ, ಹಾಗಾಗಿ ಆ ಕಡೆ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ಬಿಸಿಲಿನದು. ಸರ್ಟಿಫಿಕೇಟಿನಲ್ಲಿ ಬೇರೆ ಏನೂ ಬರೆದಿಲ್ಲ ಅಂದರೆ ಸುತ್ತಲಿನ ತಾಪ 40 ಡಿಗ್ರಿವರೆಗೆ ಮಾತ್ರ ಅಂತ ಅರ್ಥ. ಏಪ್ರಿಲ್‌ನಲ್ಲಿ ಬಾಗಲಕೋಟೆ 40ಕ್ಕೆ ನಿಲ್ಲುತ್ತದಾ? 50 ಡಿಗ್ರಿಗೆ ಸರ್ಟಿಫೈ ಆದ ಬಾಕ್ಸೇ ಬೇಕು ಅಂತ ಹಟ ಹಿಡಿದೆ.

ಮೊದಲು ಹೊರಗೆ ಹೋದದ್ದು ವಿಎಫ್‌ಡಿ. ಅದು ಸದಾ ಬಿಸಿ ಕಾರುವ ಸಾಮಾನು. ಈ ಬಾಕ್ಸಿಗೆ ಫ್ಯಾನ್ ಹಾಕಲು ಗಾಳಿಕಿಂಡಿ ಕೊರೆಯುವ ಹಾಗಿಲ್ಲ. ಬಿಸಿ ಹೋಗಬೇಕು ಅಂದರೆ ಬಾಕ್ಸು ದೊಡ್ಡದಾಗಬೇಕು, ದೊಡ್ಡದಾದರೆ ತೂಕ, ತೂಕಕ್ಕೆ ತಕ್ಕ ರೇಟು. ಎಂಸಿಸಿ ರೂಮು ಸೇಫ್ ಏರಿಯಾದಲ್ಲಿತ್ತು, ವಿಎಫ್‌ಡಿ ಅಲ್ಲಿಗೆ ಹೋಯಿತು. ಅದರ ಹಿಂದೆ ಕಂಟ್ಯಾಕ್ಟರೂ ಹೋಯಿತು. ಪಂಪಿನ ಹತ್ತಿರ ಉಳಿದದ್ದು ಡಿಸ್‌ಪ್ಲೇ, ಬಟನ್, ಲ್ಯಾಂಪು, ಟರ್ಮಿನಲ್ ಅಷ್ಟೇ.

ಡಿಸ್‌ಪ್ಲೇಗೆ ಮಾತ್ರ ಗಾಜಿನ ಕಿಟಕಿಯ ಫ್ಲೇಮ್‌ಪ್ರೂಫ್ ಬಾಕ್ಸ್ ತಗೊಂಡೆ. ಕಿಟಕಿ ಬಾಕ್ಸು ಮಾಡಿದವರೇ ಕೂರಿಸಿ ಟೆಸ್ಟ್ ಮಾಡಿಸಿದ್ದು. ನಾವು ಕತ್ತರಿಸಿ ಗಾಜು ಅಂಟಿಸುವ ಮಾತೇ ಇಲ್ಲ. ಬಟನ್, ಲ್ಯಾಂಪು, ಟರ್ಮಿನಲ್ ಎಲ್ಲ ಪಕ್ಕದ ಇನ್‌ಕ್ರೀಸ್ಡ್ ಸೇಫ್ಟಿ ಬಾಕ್ಸಿಗೆ, ಅಂದರೆ ಸಿಡಿತ ತಡೆಯುವ ಬದಲು ಕಿಡಿ, ಅತಿ ಬಿಸಿ ಬರದಂತೆಯೇ ಮಾಡಿದ ಬಾಕ್ಸಿಗೆ, ಹೋದವು. ಅಲ್ಲಿ ಕಿಡಿ ಬರುವ ಸ್ವಿಚ್ ಭಾಗ ಬಟನ್ನಿನ ಒಳಗೇ ಬೇರೆಯಾಗಿ ಮುಚ್ಚಿರುತ್ತದೆ, ಹಾಗಾಗಿ ಹೊರಬಾಕ್ಸು ಹಗುರ. ಮೇಂಟೆನೆನ್ಸ್ ಹುಡುಗರಿಗೂ ಸುಲಭ. ಟರ್ಮಿನಲ್ ನೋಡಬೇಕು ಅಂದರೆ ಅಷ್ಟೊಂದು ಬೋಲ್ಟ್ ಬಿಚ್ಚಬೇಕಿಲ್ಲ.

ಫ್ಲೇಮ್‌ಪ್ರೂಫ್ ಬಾಕ್ಸಿನ ಒಳಗೆ ಸಾಮಾನು ಒತ್ತೊತ್ತಾಗಿ ಜೋಡಿಸಲೂ ಬಾರದು. ಎಲ್ಲಿ ಅಡ್ಡಕ್ಕೆ ಕೊಯ್ದು ನೋಡಿದರೂ 2ಬಿಗೆ ಕನಿಷ್ಠ 20 ಪರ್ಸೆಂಟ್ ಜಾಗ ಖಾಲಿ ಇರಬೇಕು. ಹೈಡ್ರೋಜನ್ ಇರುವ 2ಸಿ ಗ್ರೂಪಿಗೆ 40. ನಡುವೆ ಒಂದು ಪ್ಲೇಟ್ ಅಡ್ಡ ಬಂದು ಬಾಕ್ಸು ಎರಡು ಕೋಣೆಯಾಯಿತು ಅಂದುಕೊಳ್ಳಿ. ಒಂದು ಕೋಣೆಯಲ್ಲಿ ಸಿಡಿದಾಗ ಇನ್ನೊಂದರ ಆವಿ ಮೊದಲು ಅಮುಕಿಕೊಳ್ಳುತ್ತದೆ, ಆಮೇಲೆ ಹೊತ್ತಿಕೊಳ್ಳುತ್ತದೆ. ಆಗ ಬರುವ ಒತ್ತಡ ಬಾಕ್ಸು ಟೆಸ್ಟಿನಲ್ಲಿ ತಡೆದದ್ದಕ್ಕಿಂತ ಎಷ್ಟೋ ಜಾಸ್ತಿ ಆಗಬಹುದು.

ಇನ್ನು ಹೋಲ್. ಜಗಳ ಆಗುವುದೇ ಇಲ್ಲಿ. ಸೈಟಿನ ಎಲೆಕ್ಟ್ರಿಷಿಯನ್ ಫೋನ್ ಮಾಡಿದ, "ಸರ, ಇನ್ನೊಂದು ಕೇಬಲ್ ಬಂದೈತ್ರಿ, ಇಲ್ಲೇ ಒಂದು ಹೋಲ್ ಹೊಡ್ಕೋಳ್ಲೇನ್ರಿ?" ಅಂತ. ಬೇಡಪ್ಪಾ, ಡ್ರಿಲ್ ಮುಟ್ಟಬೇಡ ಅಂದೆ. ಫ್ಲೇಮ್‌ಪ್ರೂಫ್ ಗೋಡೆಯಲ್ಲಿ ಥ್ರೆಡ್ ಕೂಡ ಬೆಂಕಿ ತಡೆಯುವ ದಾರಿಯೇ. ಕನಿಷ್ಠ ಐದು ಸುತ್ತು ಪೂರ್ತಿ ಕಚ್ಚಿಕೊಂಡಿರಬೇಕು. ಕೈಡ್ರಿಲ್‌ನಲ್ಲಿ ಅದು ಸಾಧ್ಯವೂ ಇಲ್ಲ, ಮಾಡಿದರೆ ಸರ್ಟಿಫಿಕೇಟೂ ಹೋಯಿತು. ಇದನ್ನು ನಿರೀಕ್ಷಿಸಿಯೇ ಆರ್ಡರ್ ಕೊಡುವಾಗ ಸ್ಪೇರ್ ಎಂಟ್ರಿ (ಮುಂದೆ ಬರುವ ಕೇಬಲ್‌ಗೆ ಮೊದಲೇ ಮಾಡಿಸಿಟ್ಟ ಥ್ರೆಡ್ ಹೋಲ್) ಹಾಕಿಸಿ, ಸರ್ಟಿಫೈಡ್ ಪ್ಲಗ್ ಬಿಗಿದಿಟ್ಟಿದ್ದೆ. ಒಂದು ಪ್ಲಗ್ ಬಿಚ್ಚಿ ಗ್ಲ್ಯಾಂಡ್ (ಕೇಬಲನ್ನು ಬಿಗಿಯಾಗಿ ಹಿಡಿಯುವ ಬಿಡಿಭಾಗ) ಹಾಕಿಕೊಂಡ, ಮುಗಿಯಿತು. ನನ್ನ ಕೇಳಿದರೆ ಕಸ್ಟಮೈಸೇಶನ್‌ನಲ್ಲಿ ದುಡ್ಡು ಹಾಕಬೇಕಾದ್ದು ಈ ಸ್ಪೇರ್ ಎಂಟ್ರಿಗಳಿಗೆ. ಕಲರ್ ಪೇಂಟಿಗೆ, ಲೋಗೋಗೆ ಅಲ್ಲ.

ಗೋಡೆಗೆ ಹಾಕುವಾಗ ಇನ್ನೊಂದು ತಕರಾರು. ಫ್ಲಾಂಜ್ ಸಂದಿಯ ಎದುರಿಗೆ ಪೈಪೋ ಕಬ್ಬಿಣದ ಆಂಗಲ್ಲೋ ಹತ್ತಿರ ಇರಬಾರದು. 2ಬಿಗೆ 30 ಮಿಲಿಮೀಟರ್ ಬಿಡಬೇಕು, 2ಸಿಗೆ 40. ಕೇಬಲ್ ಟ್ರೇಯ ಸಪೋರ್ಟು ಸರಿಯಾಗಿ ಅಲ್ಲೇ ಬಂದಿತ್ತು. ಬೆಸುಗೆ ಬಿಡಿಸಿ ಸರಿಸಿದರು, ಗೊಣಗಿಕೊಂಡೇ.

ಕಾಗದದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ನಮ್ಮ ದೇಶದಲ್ಲಿ ಇಂಥ ಬಾಕ್ಸಿಗೆ ನಾಗಪುರದ ಪೆಸೊ (ಪೆಟ್ರೋಲಿಯಂ, ಸ್ಫೋಟಕಗಳ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ) ಒಪ್ಪಿಗೆ ಬೇಕು. ಟೆಸ್ಟ್ ಮಾಡುವ ಕಡೆಗಳಲ್ಲಿ ಧನ್‌ಬಾದಿನ ಸಿಮ್‌ಫರ್ (ಗಣಿ ಮತ್ತು ಇಂಧನ ಸಂಶೋಧನಾ ಸಂಸ್ಥೆ) ಹಳೆಯ ಹೆಸರು. ಸರ್ಟಿಫಿಕೇಟ್ ನಂಬರಿನ ಕೊನೆಯ ಅಕ್ಷರ ನೋಡಿ. 'ಯು' ಇದ್ದರೆ ಅದು ಖಾಲಿ ಬಾಕ್ಸಿಗೆ ಕೊಟ್ಟದ್ದು, ಒಳಗೆ ಸಾಮಾನು ಕೂರಿಸಿದ ಪ್ಯಾನೆಲ್‌ಗೆ ಬೇರೆ ಸರ್ಟಿಫಿಕೇಟ್ ಬೇಕು. 'ಎಕ್ಸ್' ಇದ್ದರೆ ವಿಶೇಷ ಷರತ್ತು ಇದೆ ಅಂತ, ಓದದೆ ಬಿಡಬೇಡಿ. ಯು ಸರ್ಟಿಫಿಕೇಟ್ ತೋರಿಸಿ ಪೂರ್ತಿ ಪ್ಯಾನೆಲ್ ಮಾರುವವರನ್ನು ನಾನೇ ನೋಡಿದ್ದೇನೆ.

ಕೆಲಸ ಮುಗಿದ ಮೇಲೆ ಅದೇ ಕಾರ್ಖಾನೆಯವರು ಸಕ್ಕರೆ ಮೂಟೆ ತುಂಬುವ ಕಡೆಗೂ ಇದೇ ಬಾಕ್ಸು ಕೊಡಿ ಅಂದರು. ಅಲ್ಲಿರುವುದು ಆವಿ ಅಲ್ಲ, ಪುಡಿ. 2008ರ ಫೆಬ್ರವರಿಯಲ್ಲಿ ಅಮೆರಿಕದ ಜಾರ್ಜಿಯಾದ ಪೋರ್ಟ್ ವೆಂಟ್‌ವರ್ತ್‌ನಲ್ಲಿ ಸಕ್ಕರೆ ಪುಡಿ ಸಿಡಿದು 14 ಜನ ಸತ್ತರು. ಪುಡಿಗೆ ಲೆಕ್ಕವೇ ಬೇರೆ. ಅದು ಒಳಗೆ ಹೋಗಲೇಬಾರದು, ಸಾಮಾನ್ಯವಾಗಿ ಐಪಿ (ಪುಡಿ, ನೀರು ಒಳಗೆ ಹೋಗದಂತೆ ಎಷ್ಟು ತಡೆಯುತ್ತದೆ ಅನ್ನುವ ಅಳತೆ) 6ರಿಂದ ಶುರುವಾಗುವ ರೇಟಿಂಗ್ ಬೇಕು. ಬಾಕ್ಸಿನ ಮೇಲೆ ಕೂತ ಪುಡಿಯ ಪದರ ಹೊಗೆಯಾಡುವ ತಾಪಕ್ಕಿಂತ ಬಾಕ್ಸಿನ ಮೈ 75 ಡಿಗ್ರಿ ಕಡಿಮೆ ಇರಬೇಕು. ಡಿಸ್ಟಿಲರಿಯ ಡ್ರಾಯಿಂಗ್ ಅಲ್ಲಿಗೆ ನಡೆಯುವುದಿಲ್ಲ ಅಂತ ಹೇಳಿ, ಆ ಜಾಗದ ಏರಿಯಾ ಕ್ಲಾಸಿಫಿಕೇಶನ್ ಕೇಳಿದ್ದೇನೆ.