ಇಂಗ್ಲಿಷ್ ಸರ್‌ನೇಮ್‌ನಲ್ಲಿ ಅಪ್ಪನ ಹೆಸರು ಹುಡುಕೋದು ಹೇಗೆ

ಜಾನ್ಸನ್ ಮಾರ್ಕೆಟ್, ರಿಚರ್ಡ್ಸ್ ಟೌನ್ ಅಂತ ಬೋರ್ಡ್ ನೋಡ್ತಾನೇ ಇರ್ತೀವಲ್ವಾ, ಇಂಥ ಹೆಸರಲ್ಲಿ ಕೊನೆಗೆ 'ಸನ್' ಇದ್ರೆ ಅದನ್ನ ತೆಗೆದು ಉಳಿದಿದ್ದು ಓದಿ, ಜಾನ್ ಸಿಗ್ತಾನೆ, ಅಂದ್ರೆ ಜಾನ್ ಮಗ. ಬರೀ 'ಸ್' ಇದ್ರೂ ಹೆಚ್ಚುಕಮ್ಮಿ ಅದೇ ಲೆಕ್ಕ, ರಿಚರ್ಡ್ಸ್ ಥರ. ಮಜಾ ಇರೋದು ಮುದ್ದಿನ ಹೆಸರುಗಳಲ್ಲಿ, ವಾಲ್ಟರ್‌ನ ವಾಟ್ ಅಂತಿದ್ರು ಅದಕ್ಕೆ ವಾಟ್ಸನ್, ರಿಚರ್ಡ್ ಡಿಕ್ ಆಗಿ ಡಿಕ್ಸನ್, ಹೆನ್ರಿ ಹ್ಯಾರಿ ಆಗಿ ಹ್ಯಾರಿಸನ್. ಮೇಸನ್ ನೋಡಿ ಮಾತ್ರ ಮೋಸ ಹೋಗ್ಬೇಡಿ, ಅದು ಕಲ್ಲುಕೆಲಸದವರ ಹೆಸರು!

ಆಫೀಸ್ ಮೇಲ್‌ನಲ್ಲಿ ಮಿಸ್ಟರ್ ವಾಟ್ಸನ್ ಅಂತ ಸರ್‌ನೇಮೇ ಹಾಕಿ, ಆದ್ರೆ ಅವರಪ್ಪನ ಹೆಸರು ವಾಟ್ ಅಂದ್ಕೋಬೇಡಿ, ನಮ್ಮ ಇನಿಷಿಯಲ್ ಥರ ತಲೆಮಾರಿಗೊಂದ್ಸಲ ಬದಲಾಗಲ್ಲ, ಶತಮಾನಗಳ ಹಿಂದೆನೇ ಫಿಕ್ಸ್ ಆಗಿರೋದು, ಹೆಣ್ಮಕ್ಕಳಿಗೂ ಅದೇ 'ಸನ್'.